ಟಾಸ್ಕ್ ಬೋರ್ಡ್ ಇಟ್ಕೊಂಡು ಕೆಲ್ಸ, ಓದು ಎರಡೂ ನಿಭಾಯಿಸ್ತಿರೋರು ಇದೀರಾ? ನಂದು ಮಧ್ಯದ ಕಾಲಂ ಖಾಲಿನೇ ಆಗ್ತಿಲ್ಲ

ಮಲ್ನಾಡ್_ಮಳೆ:
ಎಲ್ರಿಗೂ ನಮಸ್ಕಾರ. ನಾನು ಶಿವಮೊಗ್ಗದಲ್ಲಿ ಒಂದು ಪ್ರೈವೇಟ್ ಕಂಪ್ನಿಲಿ ಅಕೌಂಟ್ಸ್ ನೋಡ್ಕೊಳ್ತೀನಿ, ಜೊತೆಗೆ ಕೆಎಎಸ್‌ಗೆ ಓದ್ತಿದೀನಿ. ಬೆಳಗ್ಗೆ ಆಫೀಸಿಗೆ ಹೋಗೋ ಮುಂಚೆ ಸ್ವಲ್ಪ, ರಾತ್ರಿ ಊಟ ಆದ್ಮೇಲೆ ಸ್ವಲ್ಪ, ಅಷ್ಟೇ ಟೈಮ್ ಸಿಗೋದು. ಫ್ರೆಂಡ್ ಹೇಳಿದ್ಳು ಅಂತ ಟ್ರೆಲ್ಲೋ ಅನ್ನೋ ಆಪಲ್ಲಿ ಬೋರ್ಡ್ ಮಾಡ್ಕೊಂಡೆ. ಮೂರು ಕಾಲಂ: ಮಾಡ್ಬೇಕು, ಮಾಡ್ತಿದೀನಿ, ಮುಗೀತು. ಶುರುನಲ್ಲಿ ಚೆನ್ನಾಗಿತ್ತು, ತಲೇಲಿದ್ದಿದ್ದೆಲ್ಲ ಕಣ್ಮುಂದೆ ಬಂತು. ಈಗ ಏನಾಗಿದೆ ಅಂದ್ರೆ ಮಧ್ಯದ ಕಾಲಂ ಉದ್ದ ಆಗ್ತಾನೇ ಇದೆ, ಕರ್ನಾಟಕ ಇತಿಹಾಸ, ಭೂಗೋಳ, ಅರ್ಥಶಾಸ್ತ್ರ, ಆಫೀಸಿನ ಜಿಎಸ್‌ಟಿ ರಿಟರ್ನ್, ತಂಗಿ ಮದ್ವೆ ಓಡಾಟ, ಗಾಡಿ ಇನ್ಶೂರೆನ್ಸ್ ಎಲ್ಲಾ ಅಲ್ಲೇ ಕೂತಿವೆ, ಯಾವುದೂ ಬಲಕ್ಕೆ ಜರುಗ್ತಿಲ್ಲ.

ಕೇಳ್ಬೇಕಾಗಿರೋದು ಮೂರು. ಆಫೀಸಿಗೂ ಓದಿಗೂ ಒಂದೇ ಬೋರ್ಡಾ, ಬೇರೆ ಬೇರೆನಾ? ಸಿಲಬಸ್ ಪೂರ್ತಿ ಕಾರ್ಡ್ ಮಾಡಿ ಹಾಕ್ಬೇಕಾ? ಗೋಡೆ ಮೇಲೆ ಪೇಪರ್ ಅಂಟಿಸೋದು ಒಳ್ಳೇದಾ, ಆಪ್ ಒಳ್ಳೇದಾ? ನಿಜವಾಗ್ಲೂ ಬಳಸ್ತಿರೋರು ಹೇಳಿ ಪ್ಲೀಸ್.

ಧಾರವಾಡ_ಪೇಡೆ:
ಅಲ್ರೀ, ಎಲ್ಲಾ ಒಮ್ಮೆಲೆ ಶುರು ಮಾಡೀರಿ, ಅದಕ್ಕ ಹಿಂಗಾಗೇತಿ. ನಡುವಿನ ಕಾಲಂದಾಗ ಎರಡಕ್ಕಿಂತ ಹೆಚ್ಚಿಗಿ ಕಾರ್ಡ್ ಇಡಬ್ಯಾಡ್ರಿ. ಒಂದು ಮುಗಿಸ್ರಿ, ಆಮ್ಯಾಲ ಇನ್ನೊಂದು ತಗೋರಿ. ಇಷ್ಟ ನೋಡ್ರಿ.

ಕೋಡ್_ಬರಿಯೋನು:
ದಿನಾ ಆಫೀಸಲ್ಲಿ ಜಿರಾ ಅನ್ನೋ ಸಾಫ್ಟ್‌ವೇರಲ್ಲಿ ಇಂಥದ್ದೇ ಬೋರ್ಡ್ ನೋಡಿ ನೋಡಿ ಸಾಕಾಗಿರುತ್ತೆ, ಮನೆಗ್ ಬಂದ್ಮೇಲೂ ಅದೇನಾ? ನನ್ ಅಭಿಪ್ರಾಯ ನೇರವಾಗ್ ಹೇಳ್ತೀನಿ: ಬೋರ್ಡಿಂದ ಓದು ಮುಂದಕ್ಕೆ ಹೋಗಲ್ಲ. ಕಾರ್ಡಿಗೆ ಬಣ್ಣ, ಲೇಬಲ್, ಕವರ್ ಫೋಟೋ, ಚೆಕ್‌ಲಿಸ್ಟ್ ಅಂತ ಸಂಜೆ ಪೂರ್ತಿ ಹೋಗುತ್ತೆ, ಓದಿದ ಹಾಗೆ ಅನ್ಸುತ್ತೆ, ಓದಿರಲ್ಲ. ಒಂದು ನೋಟ್‌ಬುಕ್, ಒಂದು ಪೆನ್ನು ಸಾಕು. ನಾಳೆ ಏನ್ ಮಾಡ್ಬೇಕು ಅಂತ ಮೂರು ಸಾಲು ಬರ್ಕೊಳಿ, ಮಲಗಿ.

ನಿವೃತ್ತ_ಮೇಷ್ಟ್ರು:
ಕೋಡ್ ಬರೆಯುವವರ ಮಾತಿಗೆ ನನ್ನ ಒಪ್ಪಿಗೆ ಇದೆ. ಹೈಸ್ಕೂಲಿನಲ್ಲಿ ಇಡೀ ವೃತ್ತಿಜೀವನ ಡೈರಿಯಲ್ಲೇ ನಡೆಸಿದೆ. ಪಾಠ ಯೋಜನೆ, ಪರೀಕ್ಷೆ, ಮೌಲ್ಯಮಾಪನ, ಮನೆ ಸಾಲದ ಕಂತು, ಎಲ್ಲವೂ ಒಂದೇ ಡೈರಿಯಲ್ಲಿ. ಆದರೆ ಡೈರಿಗೊಂದು ಕೊರತೆ ಇದೆ, ಅದನ್ನೂ ಹೇಳಲೇಬೇಕು: ಹಿಂದಿನ ಪುಟದಲ್ಲಿ ಉಳಿದುಹೋದ ಕೆಲಸ ಕಣ್ಣಿಗೆ ಬೀಳುವುದಿಲ್ಲ. ಪ್ರತಿದಿನ ಹಳೆಯದನ್ನು ಹೊಸ ಪುಟಕ್ಕೆ ಎತ್ತಿ ಬರೆಯುವ ಶಿಸ್ತು ಇದ್ದವರಿಗೆ ಮಾತ್ರ ಡೈರಿ ಸರಿ.

ಬಿಡದಿ_ಸೆಕೆಂಡ್_ಶಿಫ್ಟ್:
ಈ ಬೋರ್ಡ್ ಎಲ್ಲಿಂದ ಬಂತು ಅಂತ ಗೊತ್ತಾದ್ರೆ ಅರ್ಧ ಉತ್ತರ ಅಲ್ಲೇ ಸಿಗುತ್ತೆ, ಅದಕ್ಕೆ ಸ್ವಲ್ಪ ಉದ್ದ ಬರೀತೀನಿ. ನಾನು ಕಾರ್ ಬಿಡಿಭಾಗ ಮಾಡೋ ಕಂಪ್ನಿಲಿ ಇದೀನಿ, ದಿನಾ ಕಾನ್‌ಬಾನ್ ಕಾರ್ಡ್ ಜೊತೆನೇ ಕೆಲ್ಸ, ಈ ಬೋರ್ಡಿನ ಮೂಲ ಅದೇ. ಟೊಯೊಟಾದಲ್ಲಿ ತೈಇಚಿ ಓನೊ ಅನ್ನೋ ಎಂಜಿನಿಯರ್ ಇದನ್ನ ಕಟ್ಟಿದ್ದು, ಅಮೆರಿಕದ ಸೂಪರ್‌ಮಾರ್ಕೆಟ್ ಹೇಗ್ ನಡೀತಾವೆ ಅನ್ನೋದೇ ಅವ್ರಿಗೆ ಸ್ಫೂರ್ತಿ. ಗಿರಾಕಿ ಶೆಲ್ಫಿಂದ ಏನ್ ತಗೊಂಡ್ನೋ ಅಷ್ಟನ್ನೇ ಅಂಗಡಿಯವ್ರು ತಿರ್ಗಾ ತುಂಬ್ತಾರೆ, ಅದೇ ತತ್ವನ 1953ರಲ್ಲಿ ಮೆಷಿನ್ ಶಾಪಲ್ಲಿ ತಂದ್ರು.

ಶಾಪ್ ಫ್ಲೋರಲ್ಲಿ ಹೇಗಿರುತ್ತೆ ಅಂದ್ರೆ ಪ್ರತಿ ಬಿನ್‌ಗೂ (ಬಿಡಿಭಾಗ ತುಂಬೋ ಡಬ್ಬಿ) ಒಂದು ಕಾರ್ಡು. ಅದ್ರಲ್ಲಿ ಪಾರ್ಟ್ ನಂಬರ್, ಬಿನ್ನಲ್ಲಿ ಎಷ್ಟು ಪೀಸ್, ಎಲ್ಲಿಂದ ಎಲ್ಲಿಗೆ ಹೋಗ್ಬೇಕು, ಇಷ್ಟೇ. ಬಿನ್ನಿಂದ ಪೀಸ್ ತೆಗೆಯೋಕೆ ಶುರು ಮಾಡಿದಾಗ ಕಾರ್ಡ್ ಬಿಚ್ಚಿ ಬಾಕ್ಸಿಗೆ ಹಾಕ್ತಾರೆ, ಅದು ಹಿಂದಿನ ಸ್ಟೇಜಿಗೆ ಹೋಗುತ್ತೆ, ಅದೇ ಅವ್ರಿಗೆ ಆರ್ಡರ್. ಕಾರ್ಡ್ ಬರ್ಲಿಲ್ಲ ಅಂದ್ರೆ ಮೆಷಿನ್ ಖಾಲಿ ಇದ್ರೂ ಮಾಡೋಹಾಗಿಲ್ಲ. ಹಾಗಾಗಿ ಎಷ್ಟು ಕಾರ್ಡ್ ಓಡಾಡ್ತಿದೆಯೋ ಮಾಲು ಅಷ್ಟೇ ಇರೋಕ್ ಸಾಧ್ಯ, ಅದಕ್ಕಿಂತ ಜಾಸ್ತಿ ಗುಡ್ಡೆ ಬೀಳಲ್ಲ. ಈಗ ಬಾರ್‌ಕೋಡ್, ಸ್ಕ್ಯಾನರ್ ಎಲ್ಲಾ ಬಂದಿದೆ, ತತ್ವ ಅದೇ.

ಅಂದ್ರೆ ಕಾರ್ಡಿನ ಮುಖ್ಯ ಕೆಲ್ಸ ತೋರ್ಸೋದಲ್ಲ, ತಡೆಯೋದು. ಮಲ್ನಾಡ್ ಅವ್ರ ಬೋರ್ಡಲ್ಲಿ ತೋರ್ಸೋದು ಇದೆ, ತಡೆ ಇಲ್ಲ.

ಮಲ್ನಾಡ್_ಮಳೆ:
ಅಬ್ಬಾ, ಈ ಥರ ಯಾರೂ ಹೇಳಿರ್ಲಿಲ್ಲ. ಅಂದ್ರೆ ಧಾರವಾಡದವ್ರು ಹೇಳಿದ 'ಎರಡೇ ಕಾರ್ಡ್' ಅನ್ನೋದೇ ಆ ತಡೆ, ಅಲ್ವಾ?

ಬಿಡದಿ_ಸೆಕೆಂಡ್_ಶಿಫ್ಟ್:
ಹೌದು, ಅದೇ. ಎರಡೋ ಮೂರೋ ಆಮೇಲಿನ ಮಾತು, ಒಂದು ನಂಬರ್ ಇರ್ಲೇಬೇಕು.

ಹಳೇ_ಕ್ವಾಲಿಸ್:
ಬಿಡದಿ ಅಂದ ಕೂಡ್ಲೇ ಕ್ವಾಲಿಸ್ ನೆನಪಾಯ್ತು. ಟೊಯೊಟಾ ಕಿರ್ಲೋಸ್ಕರ್‌ನೋರು ಅಲ್ಲಿ ಮೊದ್ಲು ಮಾಡಿದ್ದು ಅದನ್ನೇ ಅಲ್ವಾ, 1999ರ ಕೊನೆಗೆ. ಬೆಂಗಳೂರಿನ ಕಾಲ್ ಸೆಂಟರ್ ಕ್ಯಾಬ್ ಅಂದ್ರೆ ಆಗ ಕ್ವಾಲಿಸೇ. ನಮ್ಮ ಚಿಕ್ಕಪ್ಪನ ಹತ್ರ ಇತ್ತು, ಎಂಥಾ ಗಾಡಿ!

ಬಿಡದಿ_ಸೆಕೆಂಡ್_ಶಿಫ್ಟ್:
ಹೌದು, 2005ರಲ್ಲಿ ಇನ್ನೋವಾ ಬಂತು, ಕ್ವಾಲಿಸ್ ನಿಂತ್ಹೋಯ್ತು. ಗಾಡಿ ವಿಷ್ಯಕ್ಕೆ ಬೇರೆ ಥ್ರೆಡ್ ಮಾಡಿ, ಖಂಡಿತಾ ಬರ್ತೀನಿ.

ಕೋಡ್_ಬರಿಯೋನು:
ಫ್ಯಾಕ್ಟರಿ ಕಥೆ ಚೆನ್ನಾಗಿದೆ, ಆದ್ರೆ ಅಲ್ಲಿ ಒಂದೇ ಥರದ ಪಾರ್ಟ್ ಸಾವಿರಾರು ಬರ್ತಾವೆ. ಓದೋದು ಹಾಗಲ್ಲ. ಪ್ರತಿ ಟಾಪಿಕ್ಕೂ ಬೇರೆ, ಒಂದು ಅರ್ಧ ಗಂಟೆ ತಗೊಂಡ್ರೆ ಇನ್ನೊಂದು ವಾರ ತಗೊಳುತ್ತೆ. ಸಾಫ್ಟ್‌ವೇರಿಗೆ ತಂದಿದ್ದೇ ಎಳೆದು ತಂದ ಹಾಗಿದೆ, ಈಗ ಪರೀಕ್ಷೆಗೂ ಎಳೀಬೇಕಾ?

ಸೂತ್ರ_ಸಿದ್ಧಾಂತ:
ಗಾತ್ರ ಬೇರೆ ಬೇರೆ ಇದ್ರೂ ಸರಾಸರಿ ಲೆಕ್ಕ ನಡಿಯುತ್ತೆ ಸರ್. ಕ್ಯೂಯಿಂಗ್ ಥಿಯರಿಲಿ, ಅಂದ್ರೆ ಸಾಲಲ್ಲಿ ಕಾಯೋದ್ರ ಗಣಿತದಲ್ಲಿ, ಲಿಟಲ್ಸ್ ಲಾ ಅಂತ ಇದೆ, ಜಾನ್ ಲಿಟಲ್ 1961ರಲ್ಲಿ ಸಾಬೀತು ಮಾಡಿದ್ದು. ಕೈಯಲ್ಲಿ ಸರಾಸರಿ ಎಷ್ಟು ಕೆಲ್ಸ ಇದೆಯೋ ಅದನ್ನ, ಒಂದು ಅವಧಿಲಿ ಸರಾಸರಿ ಎಷ್ಟು ಮುಗಿಯುತ್ತೋ ಅದ್ರಿಂದ ಭಾಗಿಸಿದ್ರೆ ಒಂದೊಂದು ಕೆಲ್ಸ ಮುಗಿಯೋಕೆ ಸರಾಸರಿ ಎಷ್ಟು ಕಾಲ ಅನ್ನೋದು ಬರುತ್ತೆ. ವಾರಕ್ಕೆ 2 ಟಾಪಿಕ್ ಮುಗಿಸೋರು 10 ಟಾಪಿಕ್ ತೆರೆದಿಟ್ಕೊಂಡ್ರೆ ಒಂದೊಂದಕ್ಕೆ 5 ವಾರ. ಅದೇ ವ್ಯಕ್ತಿ 4 ಮಾತ್ರ ತೆರೆದಿಟ್ಕೊಂಡ್ರೆ 2 ವಾರ.

ಕೋಡ್_ಬರಿಯೋನು:
ಇಲ್ಲೇ ಹಿಡ್ಕೊಂಡೆ ನಿಮ್ಮನ್ನ. ಎರಡೂ ಕಡೆ ವಾರಕ್ಕೆ ಎರಡೇ ಅಲ್ವಾ ಮುಗೀತಿರೋದು? ವರ್ಷದ ಕೊನೆಗೆ ಮುಗಿದ ಟಾಪಿಕ್ ಸಂಖ್ಯೆ ಒಂದೇ. ಹಾಗಾದ್ರೆ ಲಾಭ ಏನು?

ಸೂತ್ರ_ಸಿದ್ಧಾಂತ:
ಒಳ್ಳೇ ಪ್ರಶ್ನೆ. ಲೆಕ್ಕದ ಪ್ರಕಾರ ಮುಗಿಯೋ ಸಂಖ್ಯೆ ಅಷ್ಟೇ, ಒಪ್ತೀನಿ. ಲಾಭ ಬೇರೆ ಕಡೆ ಇದೆ. ಐದು ವಾರ ಎಳೆದ ಟಾಪಿಕ್ಕಲ್ಲಿ ಮೊದಲ್ನೇ ವಾರ ಓದಿದ್ದು ಐದನೇ ವಾರಕ್ಕೆ ಮರ್ತೋಗಿರುತ್ತೆ, ತಿರ್ಗಾ ಹಿಂದಕ್ಕೆ ಹೋಗ್ಬೇಕು, ಆ ತಿರ್ಗಾ ಓದೋ ಟೈಮು ನಿಮ್ಮ ವೇಗನೇ ಕಡಿಮೆ ಮಾಡುತ್ತೆ. ಅಲ್ಲದೆ ಎರಡು ವಾರಕ್ಕೇ ಮುಗಿದ್ರೆ ಹಳೇ ಪ್ರಶ್ನೆಪತ್ರಿಕೆ ಹಾಕಿ ನೋಡ್ಬೋದು, ಎಲ್ಲಿ ತಪ್ತಿದೀವಿ ಅಂತ ಬೇಗ ಗೊತ್ತಾಗುತ್ತೆ. ಅರ್ಧಂಬರ್ಧ ಓದಿದ ಹತ್ತು ಟಾಪಿಕ್ಕಿಂದ ಏನೂ ಗೊತ್ತಾಗಲ್ಲ.

ಕೋಡ್_ಬರಿಯೋನು:
ಹ್ಮ್. ಮರೆಯೋ ಪಾಯಿಂಟ್ ಒಪ್ಕೋತೀನಿ. ಬೋರ್ಡ್ ಬೇಕೇ ಬೇಕು ಅನ್ನೋದನ್ನ ಇನ್ನೂ ಒಪ್ಪಿಲ್ಲ, ಎರಡೇ ಟಾಪಿಕ್ ಅಂತ ನೋಟ್‌ಬುಕ್ಕಲ್ಲೂ ಬರ್ಕೋಬೋದು.

ಫ್ರಿಜ್_ಬಾಗಿಲು:
ನಾನು ಗೃಹಿಣಿ, ತುಮಕೂರು. ನಮ್ಮನೇಲಿ ಬೋರ್ಡ್ ಇರೋದು ಫ್ರಿಜ್ ಬಾಗಿಲ ಮೇಲೆ, ಮ್ಯಾಗ್ನೆಟ್ಟು ಮತ್ತೆ ಹಳೇ ಮದ್ವೆ ಕಾರ್ಡ್ ಕತ್ತರಿಸಿ ಮಾಡಿದ ಚೀಟಿಗಳು. ಮಗಳು ಸೆಕೆಂಡ್ ಪಿಯುಸಿ ಸೈನ್ಸ್, ಬೋರ್ಡ್ ಎಕ್ಸಾಮು, ಸಿಇಟಿ, ನೀಟ್ ಮೂರೂ ಒಟ್ಟಿಗೆ ತಲೆ ಮೇಲೆ. ಅವಳಿಗೆ ಅಂತ ಶುರು ಮಾಡಿದ್ದು. ಆದ್ರೆ ಬರೀ ಅವಳ ಚೀಟಿ ಹಾಕೋದು ಬೇಡ ಅಂತ ನನ್ನ ಕೆಲ್ಸನೂ ಬರೆದು ಹಾಕಿದೆ. ಗ್ಯಾಸ್ ಬುಕ್ ಮಾಡೋದು, ಅತ್ತೆ ಶುಗರ್ ಮಾತ್ರೆ ತರೋದು, ಹಾಲಿನ ಲೆಕ್ಕ, ಚಿಕ್ಕೋನ ಸ್ಕೂಲ್ ವ್ಯಾನ್ ಫೀಸು, ಹಿಟ್ಟಿನ ಗಿರಣಿ, ಪಡಸಾಲೆ ಫ್ಯಾನ್ ರಿಪೇರಿ. ನಮ್ಮೆಜಮಾನ್ರು ರಾತ್ರಿ ನೀರ್ ಕುಡಿಯೋಕ್ ಬಂದೋರು ನಿಂತ್ಕೊಂಡು ಪೂರ್ತಿ ಓದಿದ್ರು. 'ಇಷ್ಟೆಲ್ಲಾ ಇರುತ್ತಾ?' ಅಂದ್ರು. ಅವತ್ತಿಂದ ಗಿರಣಿ, ಮಾತ್ರೆ, ವ್ಯಾನ್ ಫೀಸು ಅವ್ರ ಕೈಗೆ ಹೋಯ್ತು, ಅವ್ರೇ ಚೀಟಿ ತೆಗ್ದು ಮುಗೀತು ಕಡೆ ಹಾಕ್ತಾರೆ.

ಕೋಡ್ ಬರಿಯೋನೇ, ನಿಮ್ಮ ನೋಟ್‌ಬುಕ್ ನಿಮ್ಮ ಬ್ಯಾಗಲ್ಲಿ ಇರುತ್ತೆ ಕಣಪ್ಪಾ, ಅದನ್ನ ಬೇರೆ ಯಾರೂ ಓದಲ್ಲ. ಹೆಂಗಸ್ರ ಕೆಲ್ಸ ಯಾರಿಗೂ ಕಾಣಲ್ಲ ಅನ್ನೋದಕ್ಕೆ ಗೋಡೆ ಮೇಲಿರೋ ಬೋರ್ಡೇ ಸರಿಯಾದ ಉತ್ತರ, ನಾನಂತೂ ಇದನ್ನ ನಮ್ಮ ಬೀದಿಲಿ ಎಲ್ರಿಗೂ ಹೇಳ್ತಿದೀನಿ.

ಕೋಡ್_ಬರಿಯೋನು:
ಅಕ್ಕಾ, ಇದಕ್ಕೆ ನನ್ನ ಹತ್ರ ಉತ್ತರ ಇಲ್ಲ. ನಾಲ್ಕು ಜನ ಇರೋ ಮನೇಲಿ ನೋಟ್‌ಬುಕ್ ಸಾಲಲ್ಲ, ನೀವ್ ಹೇಳಿದ್ದು ಸರಿ.

ಕಡಲ_ಕಿನಾರೆ:
ಮಂಗಳೂರಿಂದ ನಮಸ್ಕಾರ. ಸಿಎ ಆರ್ಟಿಕಲ್‌ಶಿಪ್‌ನಲ್ಲಿ (ತರಬೇತಿ) ಇದ್ದೇನೆ, ಹಗಲು ಆಡಿಟ್, ರಾತ್ರಿ ಓದು, ಮಲ್ನಾಡಿನವರ ಕತೆಯೇ ನನ್ನದೂ. ಪೇಪರ್ ಒಳ್ಳೆಯದಾ ಆಪ್ ಒಳ್ಳೆಯದಾ ಕೇಳಿದರಲ್ಲ, ನಮ್ಮ ಕಡೆ ಮಳೆಗಾಲದಲ್ಲಿ ಸ್ಟಿಕಿ ನೋಟ್ ಗೋಡೆಯಲ್ಲಿ ನಿಲ್ಲುವುದೇ ಇಲ್ಲ ಮಾರಾಯ್ರೆ. ಬೆಳಿಗ್ಗೆ ಎದ್ದು ನೋಡಿದರೆ ಎಲ್ಲ ನೆಲದಲ್ಲಿ, ಯಾವುದು ಯಾವ ಕಾಲಂ ಅಂತ ಸಹ ಗೊತ್ತಾಗುವುದಿಲ್ಲ. ಥರ್ಮೋಕೋಲ್ ಶೀಟ್, ಗುಂಡುಪಿನ್ನು ಹಾಕಿದ ಮೇಲೆ ಸರಿಯಾಯಿತು.

ಅಂಟಿಸೋ_ಕಾಗದ:
ಸ್ಟಿಕಿ ನೋಟಿನ ಅಂಟು ಇರೋದೇ ಹಾಗೆ. 3ಎಂ ಕಂಪ್ನಿಯ ಸ್ಪೆನ್ಸರ್ ಸಿಲ್ವರ್ ಅನ್ನೋ ವಿಜ್ಞಾನಿ 1968ರಲ್ಲಿ ಗಟ್ಟಿ ಅಂಟು ಹುಡುಕ್ತಾ ಇದ್ದಾಗ ಸಿಕ್ಕಿದ್ದು, ಅಂಟುತ್ತೆ ಆದ್ರೆ ಸುಲಭವಾಗಿ ಬಿಡುತ್ತೆ. ಏನ್ ಮಾಡೋದು ಅಂತ ಗೊತ್ತಾಗದೆ ವರ್ಷಗಟ್ಲೆ ಸುಮ್ನಿತ್ತು. ಅದೇ ಕಂಪ್ನಿಯ ಆರ್ಟ್ ಫ್ರೈ ಚರ್ಚಲ್ಲಿ ಹಾಡೋವಾಗ ಹಾಡಿನ ಪುಸ್ತಕದಿಂದ ಗುರುತಿನ ಚೀಟಿ ಬಿದ್ದೋಗುತ್ತೆ ಅಂತ ಆ ಅಂಟು ಹಚ್ಚಿ ನೋಡಿದ್ರು. 1980ರಲ್ಲಿ ಅಮೆರಿಕದಲ್ಲಿ ಎಲ್ಲಾ ಕಡೆ ಮಾರಾಟಕ್ಕೆ ಬಂತು. ಒಂದು ಟಿಪ್ಸ್: ಕೆಳಗಿಂದ ಮೇಲಕ್ಕೆ ಕೀಳ್ಬೇಡಿ, ಪಕ್ಕದಿಂದ ಎಳೀರಿ, ಕಾಗದ ಸುರುಳಿ ಸುತ್ತಲ್ಲ, ಜಾಸ್ತಿ ದಿನ ನಿಲ್ಲುತ್ತೆ.

ಕಡಲ_ಕಿನಾರೆ:
ಪಕ್ಕದಿಂದ ಎಳೆಯುವುದು ಟ್ರೈ ಮಾಡ್ತೇನೆ. ಆದರೆ ಜುಲೈ ತಿಂಗಳ ನಮ್ಮ ಗೋಡೆ ನೀವು ನೋಡಿಲ್ಲ.

ಮಲ್ನಾಡ್_ಮಳೆ:
ಶಿವಮೊಗ್ಗದ ಗೋಡೆನೂ ಹಾಗೇ. ಹಾಗಾದ್ರೆ ನಂಗೆ ಆಪೇ ಸರಿ ಅನ್ಸುತ್ತೆ, ಆಫೀಸಲ್ಲೂ ಫೋನಲ್ಲಿ ನೋಡ್ಬೋದು. ಟ್ರೆಲ್ಲೋ ಬಿಟ್ಟು ಬೇರೆ ಯಾವ್ದಾದ್ರೂ ಇದೆಯಾ? ಟ್ರೆಲ್ಲೋನ ಅಟ್ಲಾಸಿಯನ್ ಅನ್ನೋ ಸಾಫ್ಟ್‌ವೇರ್ ಕಂಪ್ನಿಯವ್ರು ಆಫೀಸ್ ಬಳಕೆಗೆ ಅಂತ ಮಾಡಿದ್ದು ಅಂತ ಕೇಳ್ದೆ.

ಓಪನ್_ಸೋರ್ಸ್_ಗೌಡ:
ಅಟ್ಲಾಸಿಯನ್ ಮಾಡಿದ್ದಲ್ಲ. 2011ರಲ್ಲಿ ಫಾಗ್ ಕ್ರೀಕ್ ಅನ್ನೋ ನ್ಯೂಯಾರ್ಕಿನ ಸಣ್ಣ ಕಂಪ್ನಿ ಮಾಡಿದ್ದು, ಅಟ್ಲಾಸಿಯನ್ 2017ರಲ್ಲಿ 42.5 ಕೋಟಿ ಡಾಲರ್ ಕೊಟ್ಟು ಕೊಂಡ್ಕೊಂಡ್ರು. ಉಚಿತ ಪ್ಲಾನಲ್ಲಿ ಒಂದು ವರ್ಕ್‌ಸ್ಪೇಸಿಗೆ 10 ಬೋರ್ಡ್ ಮಿತಿ ಇದೆ, ಒಬ್ಬರಿಗೆ ಧಾರಾಳ. ಲಿಸ್ಟ್ ಲಿಮಿಟ್ಸ್ ಅಂತ ಒಂದು ಪವರ್-ಅಪ್ (ಬೋರ್ಡಿಗೆ ಸೇರಿಸ್ಕೊಳ್ಳೋ ಹೆಚ್ಚುವರಿ ಸೌಲಭ್ಯ) ಇದೆ, ಕಾಲಂಗೆ ನಂಬರ್ ಕೊಟ್ರೆ ಅದು ದಾಟಿದಾಗ ಕಾಲಂ ಬಣ್ಣ ಬದ್ಲಾಗುತ್ತೆ. ಕಾರ್ಡ್ ಏಜಿಂಗ್ ಅಂತ ಇನ್ನೊಂದು, ಮುಟ್ಟದೇ ಬಿಟ್ಟ ಕಾರ್ಡು ದಿನ ಕಳೆದ ಹಾಗೆ ಮಸುಕಾಗ್ತಾ ಹೋಗುತ್ತೆ. ನಿಮ್ಮ ಸಮಸ್ಯೆಗೆ ಈ ಎರಡೂ ಹಾಕಿ.

ನನ್ ಡೇಟಾ ನನ್ ಹತ್ರನೇ ಇರ್ಲಿ ಅನ್ನೋರಿಗೆ ವೀಕಾನ್ ಇದೆ, ಓಪನ್ ಸೋರ್ಸ್, ಸ್ವಂತ ಸರ್ವರಲ್ಲಿ ಹಾಕ್ಕೋಬೋದು. ನೋಟ್ಸ್ ಅಬ್ಸಿಡಿಯನ್ ಆಪಲ್ಲಿ ಬರೆಯೋರಿಗೆ ಅದ್ರಲ್ಲೇ ಕಾನ್‌ಬಾನ್ ಪ್ಲಗಿನ್ ಇದೆ, ಬೋರ್ಡ್ ಅನ್ನೋದು ಬರೀ ಒಂದು ಟೆಕ್ಸ್ಟ್ ಫೈಲು, ಕಾರ್ಡಿಂದ ನೇರ ನೋಟ್ಸಿಗೆ ಲಿಂಕ್ ಹಾಕ್ಬೋದು. ಓದೋರಿಗೆ ಇದು ಬಹಳ ಉಪಯೋಗ.

ಧಾರವಾಡ_ಪೇಡೆ:
ಆಪ್ ಬದಲಿ ಮಾಡಿದ್ರ ಏನೂ ಆಗಂಗಿಲ್ರೀ. ಇರೋ ಟ್ರೆಲ್ಲೋದಾಗ ನಂಬರ್ ಹಾಕ್ರಿ, ಮುಗೀತು. ಹೊಸಾ ಆಪ್ ಹುಡುಕಿಕೋತ ಕೂತ್ರ ಪ್ರಿಲಿಮ್ಸ್ ಬಂದುಬಿಡತೈತಿ.

ಗೋಟಿಂಗನ್_ಕನ್ನಡತಿ:
ಜರ್ಮನಿಯಲ್ಲಿ ಪಿಎಚ್‌ಡಿ ಮಾಡ್ತಿದ್ದೀನಿ, ಮೂಲ ಹಾಸನ. ಒಂದು ಕಾಲಂ ಬಗ್ಗೆ ಯಾರೂ ಹೇಳಲಿಲ್ಲ, ಅದಕ್ಕೆ ಬರೀತಿದ್ದೀನಿ. 'ಕಾಯ್ತಿರೋದು' ಅಂತ ಒಂದು ಕಾಲಂ ಬೇಕೇ ಬೇಕು. ಗೈಡ್‌ಗೆ ಚಾಪ್ಟರ್ ಕಳಿಸಿರ್ತೀನಿ, ಅವರ ಕಾಮೆಂಟ್ ಬರೋವರೆಗೆ ನನ್ನ ಕೈಯಲ್ಲಿ ಏನೂ ಇರಲ್ಲ. ಲ್ಯಾಬಿಗೆ ಆರ್ಡರ್ ಮಾಡಿದ ಕೆಮಿಕಲ್ ಬಂದಿರಲ್ಲ. ಇವನ್ನೆಲ್ಲ 'ಮಾಡ್ತಿದೀನಿ' ಕಾಲಂನಲ್ಲೇ ಇಟ್ಟರೆ ಅದು ಸುಳ್ಳೇ ತುಂಬಿರುತ್ತೆ, ನಿಜವಾಗಿ ಮಾಡೋದಕ್ಕೆ ಜಾಗನೇ ಇರಲ್ಲ. ಹಾಗಾಗಿ ಕಾಯೋದಕ್ಕೆ ಬೇರೆ ಕಾಲಂ. ಆದರೆ ಒಂದು ಷರತ್ತು, ಆ ಕಾಲಂಗೆ ಹೋಗೋ ಪ್ರತಿ ಕಾರ್ಡಿನ ಮೇಲೂ ಯಾರಿಂದ ಬರಬೇಕು, ಯಾವ ತಾರೀಕಿಗೆ ತಿರುಗಿ ಕೇಳಬೇಕು ಅನ್ನೋದು ಇರಲೇಬೇಕು. ಇಲ್ಲದಿದ್ದರೆ ಅದು ಕೆಲಸ ಮುಚ್ಚಿಡೋ ಜಾಗ ಆಗಿಬಿಡುತ್ತೆ.

ಮಲ್ನಾಡ್ ಅವರ ಪಟ್ಟಿಯಲ್ಲಿ ತಂಗಿ ಮದುವೆ ಇದೆಯಲ್ಲ, ಛತ್ರದವರು, ಅಡುಗೆಯವರು, ಪ್ರಿಂಟಿಂಗ್ ಪ್ರೆಸ್ಸಿನವರು ವಾಪಸ್ ಹೇಳೋದಕ್ಕೆ ಕಾಯೋದೇ ಅದರಲ್ಲಿ ಮುಕ್ಕಾಲು ಪಾಲು ಇರುತ್ತೆ, ಅದೆಲ್ಲ ಈ ಕಾಲಂಗೆ ಹೋಗಲಿ.

ಮಲ್ನಾಡ್_ಮಳೆ:
ಓಹ್ ಇದು ಸೂಪರ್ ಅಕ್ಕಾ. ಛತ್ರ ಬುಕ್ ಆಗಿದೆ, ಅಡುಗೆಯವ್ರು ರೇಟ್ ಹೇಳ್ಬೇಕು, ಅದೇ ಕಾರ್ಡು ಅಲ್ಲೇ ಕೂತಿತ್ತು.

ಟ್ಯಾಲಿ_ತಜ್ಞೆ:
ಜಿಎಸ್‌ಟಿ ಬಗ್ಗೆ ಒಂದು ಮಾತು, ನಾನೂ ಅಕೌಂಟ್ಸೇ. ತಿಂಗಳಿಗೊಮ್ಮೆ ಫೈಲ್ ಮಾಡೋ ಕಂಪ್ನಿ ಆದ್ರೆ 11ಕ್ಕೆ ಜಿಎಸ್‌ಟಿಆರ್-1, 20ಕ್ಕೆ ಜಿಎಸ್‌ಟಿಆರ್-3ಬಿ, ಈ ಎರಡು ರಿಟರ್ನ್ ತಪ್ಪದೆ ಬರುತ್ತೆ. ಇದನ್ನ ಬೋರ್ಡಲ್ಲಿ ಇಡ್ಬೇಡಿ. ತಾರೀಕು ಇರೋದೆಲ್ಲ ಕ್ಯಾಲೆಂಡರಿಗೆ, ರಿಮೈಂಡರ್ ಹಾಕಿ. ತಾರೀಕು ಬಂದಾಗ ಅವತ್ತಿಗೆ ಮಾತ್ರ ಒಂದು ಕಾರ್ಡ್ ಆಗಿ ಬೋರ್ಡಿಗೆ ಬರ್ಲಿ. ಗಾಡಿ ಇನ್ಶೂರೆನ್ಸೂ ಅಷ್ಟೇ.

ಫ್ರಿಜ್_ಬಾಗಿಲು:
ಇನ್ಶೂರೆನ್ಸ್ ಬಗ್ಗೆ ಹೇಳಿದ್ರಲ್ಲ, ಮೊದ್ಲು ಅದನ್ನ ಇವತ್ತೇ ಮಾಡಿ ಮುಗ್ಸಿ ತಾಯಿ, ಫೋನಲ್ಲೇ ಹತ್ತು ನಿಮಿಷದ ಕೆಲ್ಸ, ಅದಕ್ಯಾಕೆ ಚೀಟಿ. ಅವಧಿ ಮೀರಿದ್ರೆ ಗಾಡಿ ತಪಾಸಣೆ ಅಂತ ಓಡಾಟ ಬೇರೆ.

ಮಲ್ನಾಡ್_ಮಳೆ:
ಮಾಡ್ದೆ ಈಗ್ಲೇ! ಥ್ಯಾಂಕ್ಸ್ ಆಂಟಿ. ಸರಿ, ಈಗ ಸಿಲಬಸ್ ವಿಷ್ಯ. 'ಕರ್ನಾಟಕ ಇತಿಹಾಸ' ಅಂತ ಒಂದು ಕಾರ್ಡ್ ಇದೆ, ಅದು ಮುಗಿಯೋದು ಯಾವಾಗ?

ಸೆಕೆಂಡ್_ಅಟೆಂಪ್ಟ್:
ಅದು ಯಾವತ್ತೂ ಮುಗಿಯಲ್ಲ, ಯಾಕಂದ್ರೆ ಅದು ಕಾರ್ಡಲ್ಲ, ಪುಸ್ತಕ. ನಾನೂ ಕೆಎಎಸ್ ಓದ್ತಿರೋನು, ಈ ವಿಷ್ಯದಲ್ಲಿ ಗಟ್ಟಿಯಾಗಿ ಹೇಳ್ತೀನಿ. ಕಾರ್ಡ್ ಅಂದ್ರೆ ಒಂದೋ ಎರಡೋ ಕೂತ್ಕೊಳ್ಳೋದ್ರಲ್ಲಿ ಮುಗೀಬೇಕು, ಮುಗಿದಿದೆ ಅನ್ನೋದಕ್ಕೆ ಕೈಯಲ್ಲಿ ಏನಾದ್ರೂ ಇರ್ಬೇಕು. ನನ್ ಬೋರ್ಡಿಂದ ನೇರವಾಗಿ ಕೊಡ್ತೀನಿ: 'ವಿಜಯನಗರದ ನಾಯಂಕರ ಪದ್ಧತಿ, ಒಂದು ಪುಟ ನೋಟ್ಸ್, ಹಳೇ ಪ್ರಶ್ನೆ 5'. 'ಹಣಕಾಸು ನೀತಿ ಸಮಿತಿ, 6 ಜನ ಸದಸ್ಯರು ಯಾರ್ಯಾರು ಎಲ್ಲಿಂದ, ರೆಪೊ ದರ ಏರಿಸಿದ್ರೆ ಏನಾಗುತ್ತೆ ಅಂತ ನೋಡದೆ ಬರೆಯೋದು'. 'ಕೃಷ್ಣಾ ಕಣಿವೆ ಉಪನದಿಗಳು, ಖಾಲಿ ನಕ್ಷೆ ತುಂಬೋದು'. 'ಓದು' ಅನ್ನೋ ಕ್ರಿಯಾಪದ ಕಾರ್ಡಲ್ಲಿ ಬರ್ಲೇಬಾರ್ದು. ಬರೆ, ಬಿಡಿಸು, ಉತ್ತರಿಸು, ಹೇಳು, ಇಂಥವೇ ಇರ್ಲಿ.

ಸಿಲಬಸ್ ಪೂರ್ತಿ ಕಾರ್ಡ್ ಮಾಡಿ ಹಾಕ್ಬೇಡಿ, ನೂರಾರು ಆಗುತ್ತೆ, ನೋಡಿದ ತಕ್ಷಣ ಎದೆ ಒಡೆಯುತ್ತೆ. ಸಿಲಬಸ್ ಪ್ರಿಂಟ್ ತೆಗ್ದು ಬೇರೆ ಇಟ್ಕೊಳಿ, ಅದ್ರಲ್ಲಿ ಮುಗಿದಿದ್ದಕ್ಕೆ ಗೆರೆ ಹೊಡೀರಿ. ಬೋರ್ಡಿಗೆ ಬರೋದು ಮುಂದಿನ ಎರಡು ವಾರದ್ದು ಮಾತ್ರ.

ನಿವೃತ್ತ_ಮೇಷ್ಟ್ರು:
ಇದು ಅತ್ಯುತ್ತಮವಾದ ಮಾತು. ಪಾಠ ಯೋಜನೆಯಲ್ಲಿ ನಾವು ಇದನ್ನೇ ಬರೆಯುತ್ತಿದ್ದೆವು: ಪಾಠದ ಕೊನೆಗೆ ವಿದ್ಯಾರ್ಥಿ ಏನು ಮಾಡಿ ತೋರಿಸಬಲ್ಲ ಎಂಬುದು. 'ತಿಳಿಯುತ್ತಾನೆ' ಎಂದು ಬರೆದರೆ ಇನ್‌ಸ್ಪೆಕ್ಟರು ಹೊಡೆದುಹಾಕಿ 'ವಿವರಿಸುತ್ತಾನೆ', 'ಗುರುತಿಸುತ್ತಾನೆ' ಎಂದು ಬರೆಸುತ್ತಿದ್ದರು.

ಮಲ್ನಾಡ್_ಮಳೆ:
ಇವತ್ತೇ ಆ ಕಾರ್ಡ್ ಒಡೆದು ಹಾಕ್ತೀನಿ. ಇನ್ನೊಂದು, ರಿವಿಷನ್‌ಗೆ ಏನ್ ಮಾಡ್ತೀರಾ? ಮುಗೀತು ಕಾಲಂ ಮುಂದೆ 'ಒಂದ್ನೇ ರಿವಿಷನ್', 'ಎರಡ್ನೇ ರಿವಿಷನ್' ಅಂತ ಕಾಲಂ ಸೇರಿಸ್ಲಾ?

ಕಡಲ_ಕಿನಾರೆ:
ನಾನು ಹಾಗೆಯೇ ಮಾಡಿದ್ದು. ಮೂರು ರಿವಿಷನ್ ಕಾಲಂ ಉಂಟು, ಒಂದೊಂದೇ ದಾಟಿಸ್ತಾ ಹೋಗುವುದು.

ಸೂತ್ರ_ಸಿದ್ಧಾಂತ:
ಇದು ನಂಗೆ ಸರಿ ಅನ್ಸಲ್ಲ, ಕ್ಷಮಿಸಿ. ಬೋರ್ಡಲ್ಲಿ ಕಾರ್ಡ್ ಎಡದಿಂದ ಬಲಕ್ಕೆ ಮಾತ್ರ ಹೋಗೋದು. ನೆನಪು ಹಾಗಲ್ಲ, ಹಿಂದಕ್ಕೂ ಬರುತ್ತೆ. ಎಬ್ಬಿಂಗ್‌ಹೌಸ್ 1885ರಲ್ಲೇ ತನ್ನ ಮೇಲೇ ಪ್ರಯೋಗ ಮಾಡಿ ತೋರ್ಸಿದಾನೆ, ಕಲಿತಿದ್ದು ಮೊದಲ ಕೆಲವು ಗಂಟೆಗಳಲ್ಲೇ ಬಹಳಷ್ಟು ಮರ್ತೋಗುತ್ತೆ, ಆಮೇಲೆ ಮರೆವು ನಿಧಾನ ಆಗುತ್ತೆ. ಇದಕ್ಕೆ ಸರಿಯಾದ ಸಾಧನ ಲೈಟ್ನರ್ ಪೆಟ್ಟಿಗೆ. 1970ರ ದಶಕದಲ್ಲಿ ಸೆಬಾಸ್ಟಿಯನ್ ಲೈಟ್ನರ್ ಅನ್ನೋ ಜರ್ಮನ್ ಪತ್ರಕರ್ತ ಹೇಳಿಕೊಟ್ಟಿದ್ದು. ಪ್ರಶ್ನೆ ಚೀಟಿ, ಐದು ಖಾನೆ. ಉತ್ತರ ಸರಿ ಬಂದ್ರೆ ಚೀಟಿ ಮುಂದಿನ ಖಾನೆಗೆ, ಅದನ್ನ ತಡವಾಗಿ ನೋಡಿದ್ರಾಯ್ತು. ತಪ್ಪಾದ್ರೆ ಎಲ್ಲೇ ಇದ್ರೂ ಮೊದಲ್ನೇ ಖಾನೆಗೆ ವಾಪಸ್. ಅಂಕಿ (Anki) ಅನ್ನೋ ಆಪು ಇದೇ ಜಾತಿದು, ಯಾವ ಚೀಟಿ ಯಾವತ್ತು ಅನ್ನೋ ಲೆಕ್ಕ ಅದೇ ಇಟ್ಕೊಳುತ್ತೆ.

ಬೋರ್ಡ್ ಇರೋದು ಕೆಲ್ಸ ಮುಗಿಸೋಕೆ. ನೆನಪಿಡೋಕೆ ಬೇರೆ ಸಾಧನ ಇಟ್ಕೊಳಿ. ಬೋರ್ಡಲ್ಲಿ 'ಇವತ್ತಿನ ಅಂಕಿ ಚೀಟಿ' ಅಂತ ದಿನಾ ಒಂದು ಕಾರ್ಡ್ ಇದ್ರೆ ಸಾಕು.

ಕಡಲ_ಕಿನಾರೆ:
ಆದರೆ ಸಿಎ ಇಂಟರ್‌ನಲ್ಲಿ ಲೆಕ್ಕ ಮಾಡುವುದೇ ಹೆಚ್ಚು, ಚೀಟಿ ಪ್ರಶ್ನೆಯಲ್ಲಿ ಲೆಕ್ಕ ಹಿಡಿಯುವುದಿಲ್ಲ. ಕನ್ಸಾಲಿಡೇಷನ್ (ಹಲವು ಕಂಪ್ನಿಗಳ ಲೆಕ್ಕ ಒಟ್ಟು ಸೇರಿಸುವುದು) ಲೆಕ್ಕ ಒಂದು ಮಾಡುವುದಕ್ಕೇ ಅರ್ಧ ಗಂಟೆ ಬೇಕು. ಅದಕ್ಕೆ ನನ್ನ ರಿವಿಷನ್ ಕಾಲಂ ಸರಿಯೇ. ತಪ್ಪಿದರೆ ನಾನೂ ಹಿಂದಕ್ಕೆ ತರ್ತೇನೆ, ಯಾರು ಬೇಡ ಹೇಳಿದ್ದು?

ಸೂತ್ರ_ಸಿದ್ಧಾಂತ:
ಹಿಂದಕ್ಕೆ ತರ್ತೀರಾ ಅಂದ್ಮೇಲೆ ನೀವು ಲೈಟ್ನರೇ ಮಾಡ್ತಿರೋದು. ಲೆಕ್ಕದ ಬಗ್ಗೆ ನೀವು ಹೇಳಿದ್ದು ಒಪ್ದೆ.

ಮನಸ್ಸು_ಮಾತು:
ಸೈಕಾಲಜಿ ಎಂ.ಎ. ಓದಿರೋದ್ರಿಂದ ಒಂದು ಸೇರಿಸ್ತೀನಿ. ಬೋರ್ಡ್ ಹಾಕಿದ ದಿನ ತಲೆ ಹಗುರ ಆಯ್ತು ಅಂತ ತುಂಬಾ ಜನ ಹೇಳ್ತಾರೆ, ಅದಕ್ಕೆ ಝೈಗಾರ್ನಿಕ್ ಹೆಸ್ರು ತರ್ತಾರೆ. ಬ್ಲೂಮಾ ಝೈಗಾರ್ನಿಕ್ 1927ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಅರ್ಧಕ್ಕೆ ನಿಲ್ಲಿಸಿದ ಕೆಲಸಗಳೇ ಜನರಿಗೆ ಹೆಚ್ಚು ನೆನಪಿದ್ವು. ಆಮೇಲಿನವ್ರು ಮಾಡಿ ನೋಡಿದಾಗ ಎಲ್ಲಾ ಕಡೆ ಅದೇ ಫಲಿತಾಂಶ ಬಂದಿಲ್ಲ, ಅದನ್ನ ಕಣ್ಮುಚ್ಚಿ ನಂಬ್ಬೇಡಿ. ಇದಕ್ಕಿಂತ ಉಪಯೋಗಕ್ಕೆ ಬರೋದು 2011ರಲ್ಲಿ ಮಾಸಿಕಾಂಪೊ, ಬೌಮೈಸ್ಟರ್ ಪ್ರಕಟಿಸಿದ್ದು. ಮುಗಿಯದ ಕೆಲ್ಸ ಬೇರೆ ಕೆಲ್ಸದ ಮಧ್ಯೆ ತಲೆಗೆ ಬಂದು ಕಾಡುತ್ತೆ, ಆದ್ರೆ ಅದನ್ನ ಯಾವಾಗ, ಹೇಗೆ ಮಾಡ್ತೀನಿ ಅಂತ ಸ್ಪಷ್ಟ ಯೋಜನೆ ಹಾಕ್ಕೊಂಡ್ರೆ, ಕೆಲ್ಸ ಇನ್ನೂ ಮಾಡಿಲ್ದಿದ್ರೂ, ಆ ಕಾಟ ಕಡಿಮೆ ಆಗುತ್ತೆ. ಹಾಗಾಗಿ ಕಾರ್ಡಲ್ಲಿ ಬರೀ ಹೆಸ್ರು ಬರೆಯೋದಲ್ಲ, ಮುಂದಿನ ಹೆಜ್ಜೆ ಏನು ಅಂತ ಬರೀರಿ.

ಧಾರವಾಡ_ಪೇಡೆ:
ಇದು ಭಾಳ ಛಲೋ ಹೇಳಿದ್ರಿ.

ಕೋಡ್_ಬರಿಯೋನು:
ಮಲ್ನಾಡ್ ಅವ್ರೇ, ಒಂದೇ ಬೋರ್ಡಾ ಎರಡಾ ಅನ್ನೋದಕ್ಕೆ ಯಾರೂ ಉತ್ತರ ಕೊಟ್ಟಿಲ್ಲ, ನಾನ್ ಕೊಡ್ತೀನಿ. ಆಫೀಸಿನ ಕೆಲ್ಸ ಆಫೀಸಿನ ಬೋರ್ಡಲ್ಲೇ ಇರ್ಲಿ, ಕಂಪ್ನಿ ಮಾಹಿತಿ ಸ್ವಂತ ಅಕೌಂಟಿಗೆ ಹಾಕೋದು ಎಷ್ಟೋ ಕಡೆ ನಿಯಮಕ್ಕೆ ವಿರುದ್ಧ, ಪಾರ್ಟಿ ಹೆಸ್ರು, ಜಿಎಸ್‌ಟಿ ನಂಬರ್ ಎಲ್ಲಾ ಇರುತ್ತೆ ನಿಮ್ಮ ಕೆಲ್ಸದಲ್ಲಿ. ಓದು, ಮನೆ ಎರಡೂ ಒಂದು ಬೋರ್ಡಲ್ಲಿ ಇರ್ಲಿ.

ಗೋಟಿಂಗನ್_ಕನ್ನಡತಿ:
ಮಾಹಿತಿ ವಿಷಯ ಸರಿ. ಆದರೆ ಮಿತಿ ವಿಷಯದಲ್ಲಿ ನಾನು ಒಪ್ಪಲ್ಲ. ಎರಡು ಬೋರ್ಡ್ ಇದ್ದರೆ ಅಲ್ಲಿ ಮೂರು, ಇಲ್ಲಿ ಮೂರು ಅಂತ ಆರು ಆಗುತ್ತೆ, ಮನುಷ್ಯ ಒಬ್ಬನೇ ಅಲ್ವಾ? ಮನೇಲಿ ಒಲೆ ಎರಡೇ ಉರಿ ಇದ್ದಾಗ ಸಾರು, ಪಲ್ಯ ಇಟ್ಟ ಮೇಲೆ ಹಾಲು ಕಾಯಿಸೋಕೆ ಒಂದು ಇಳಿಸಲೇಬೇಕು, ಪಾತ್ರೆ ಯಾರದು ಅಂತ ಒಲೆ ಕೇಳಲ್ಲ. ಆಫೀಸಿನ ಕೆಲಸಕ್ಕೆ ಹೆಸರು, ನಂಬರ್ ಏನೂ ಬರೀದೆ 'ಆಫೀಸ್ ಕೆಲಸ' ಅಂತ ಒಂದು ಕಾರ್ಡ್ ಇಡಿ ಸಾಕು. ಆಡಿಟ್ ಟೈಮಲ್ಲಿ ಅದು ಒಂದು ಜಾಗ ಹಿಡೀತು ಅಂದರೆ ಆ ವಾರ ಓದೋ ಕಾರ್ಡ್ ಒಂದು ಕಡಿಮೆ. ಅದನ್ನ ಮುಂಚೆನೇ ಒಪ್ಕೊಂಡು ಪ್ಲಾನ್ ಮಾಡಿದರೆ ವಾರದ ಕೊನೆಗೆ ಮನಸ್ಸು ಕೆಡಿಸ್ಕೊಳ್ಳೋದು ಇರಲ್ಲ.

ಕೋಡ್_ಬರಿಯೋನು:
ಹೆಸ್ರಿಲ್ದೆ ಒಂದು ಕಾರ್ಡ್ ಅಂದ್ರೆ ನಂದೇನೂ ತಕರಾರಿಲ್ಲ.

ಹಳೇ_ಕ್ವಾಲಿಸ್:
ಮುಗಿದ ಕಾರ್ಡೆಲ್ಲ ಏನ್ ಮಾಡ್ತೀರಾ? ನಮ್ಮ ಗ್ಯಾರೇಜಲ್ಲಿ ಈ ಬೋರ್ಡ್ ಹಾಕೋಣ ಅಂತಿದೀನಿ, ಯಾವ ಗಾಡಿ ಯಾವ ಹಂತದಲ್ಲಿದೆ, ಯಾವುದು ಸ್ಪೇರ್ ಪಾರ್ಟಿಗೆ ಕಾಯ್ತಿದೆ ಅಂತ ಗಿರಾಕಿಗೆ ಒಂದೇ ನೋಟಕ್ಕೆ ಹೇಳ್ಬೋದು.

ಬಿಡದಿ_ಸೆಕೆಂಡ್_ಶಿಫ್ಟ್:
ಗ್ಯಾರೇಜಿಗೆ ಹೇಳಿ ಮಾಡಿಸಿದ ಹಾಗಿರುತ್ತೆ. ಗಾಡಿ ಕೀ ಜೊತೆನೇ ಕಾರ್ಡ್ ನೇತಾಕಿ, ಲಿಫ್ಟ್ ಎಷ್ಟಿದೆಯೋ 'ಮಾಡ್ತಿರೋದು' ಕಾಲಂನಲ್ಲಿ ಮೊಳೆ ಅಷ್ಟೇ ಹೊಡೀರಿ.

ಹಳೇ_ಕ್ವಾಲಿಸ್:
ಮೊಳೆ ಐಡಿಯಾ ಬೆಂಕಿ! ಲಿಫ್ಟ್ ಎರಡಿದೆ, ಎರಡೇ ಮೊಳೆ.

ಸೆಕೆಂಡ್_ಅಟೆಂಪ್ಟ್:
ಮುಗಿದ ಕಾರ್ಡ್ ಬಿಸಾಕ್ಬೇಡಿ. ನಾನು ಭಾನುವಾರ ಸಾಯಂಕಾಲ ಆ ವಾರ ಮುಗಿದಿದ್ದು ಎಣಿಸ್ತೀನಿ, ಮುಂದಿನ ವಾರಕ್ಕೆ ಅಷ್ಟೇ ಕಾರ್ಡ್ ಎಡಗಡೆ ಕಾಲಂಗೆ ತರ್ತೀನಿ, ಒಂದೂ ಜಾಸ್ತಿ ಇಲ್ಲ. ಟೈಮ್‌ಟೇಬಲ್ ಹಾಕೋವಾಗ ಎಲ್ರೂ ಆಸೆ ಲೆಕ್ಕ ಹಾಕ್ತಾರೆ, ಕೋಚಿಂಗ್‌ನವ್ರು ಕೊಡೋ ಪ್ಲಾನಂತೂ ಕೆಲ್ಸಕ್ಕೆ ಹೋಗೋರಿಗೆ ಸೆಟ್ಟೇ ಆಗಲ್ಲ. ಮುಗಿದ ಕಾರ್ಡು ನಿಮ್ಮದೇ ವೇಗ ಹೇಳುತ್ತೆ.

ಫ್ರಿಜ್_ಬಾಗಿಲು:
ನಾವು ಮುಗಿದಿದ್ದನ್ನ ತಿಂಗಳು ಪೂರ್ತಿ ಡಬ್ಬಿಲಿ ಹಾಕಿಡ್ತೀವಿ. ಮಗಳು ಬೇಜಾರಾದಾಗ 'ಅಮ್ಮ ನಾನೇನೂ ಓದೇ ಇಲ್ಲ' ಅಂತ ಅಳ್ತಾಳೆ, ಆಗ ಡಬ್ಬಿ ತೆಗ್ದು ಮುಂದಿಡ್ತೀನಿ.

ಮಲ್ನಾಡ್_ಮಳೆ:
ಎಲ್ರಿಗೂ ತುಂಬಾ ಥ್ಯಾಂಕ್ಸ್, ಬೋರ್ಡ್ ಪೂರ್ತಿ ಮತ್ತೆ ಮಾಡ್ದೆ. ಮಧ್ಯದ ಕಾಲಂಗೆ ಮಿತಿ ಮೂರು: ಒಂದು ಓದಿಂದು, ಒಂದು ಮನೇದು, ಒಂದು ಹೆಸ್ರಿಲ್ಲದ ಆಫೀಸ್ ಕಾರ್ಡು. ಕಾಯ್ತಿರೋದು ಬೇರೆ ಕಾಲಂ. ಜಿಎಸ್‌ಟಿ ಕ್ಯಾಲೆಂಡರಿಗೆ ಹೋಯ್ತು. ಒಂದೇ ಅನುಮಾನ ಉಳ್ದಿದೆ, ಓದೋ ಕಾರ್ಡ್ ಅರ್ಧದಲ್ಲಿ ಇದ್ದಾಗ ತುರ್ತು ಏನೋ ಬಂತು, ಮಿತಿ ತುಂಬಿದೆ. ಆಗ?

ಧಾರವಾಡ_ಪೇಡೆ:
ಒಂದನ್ನ ವಾಪಸ್ ಎಡಕ್ಕ ಸರಸ್ರಿ. ಎಲ್ಲಿಗೆ ನಿಂತಿತ್ತು ಅಂತ ಒಂದು ಸಾಲು ಬರದು ಸರಸ್ರಿ. ಮಿತಿ ಮಾತ್ರ ಮುರೀಬ್ಯಾಡ್ರಿ.

ಬಿಡದಿ_ಸೆಕೆಂಡ್_ಶಿಫ್ಟ್:
ಇಲ್ಲಿ ನಾನ್ ಬೇರೆ ಹೇಳ್ತೀನಿ. ತುರ್ತಿಗೆ ಅಂತ ಒಂದೇ ಒಂದು ಜಾಗ ಪ್ರತ್ಯೇಕ ಇಡಿ, ಮೇಲ್ಗಡೆ ಕೆಂಪು ಗೆರೆ ಎಳೆದು. ಅದ್ರಲ್ಲಿ ಕಾರ್ಡ್ ಇದ್ದಾಗ ಬೇರೆ ಎಲ್ಲಾ ನಿಂತು ಮೊದ್ಲು ಅದು ಮುಗೀಬೇಕು, ಅದು ಖಾಲಿ ಆಗೋವರೆಗೆ ಇನ್ನೊಂದು ತುರ್ತು ಅನ್ನೋದೇ ಇಲ್ಲ.

ಧಾರವಾಡ_ಪೇಡೆ:
ಆ ಕೆಂಪು ಜಾಗ ಇಟ್ರ ಎಲ್ಲಾನೂ ತುರ್ತೇ ಆಗತೈತಿ ನೋಡ್ರಿ. ನಮ್ಮ ಆಫೀಸಿನ್ಯಾಗ ನೋಡೇನಿ. ನಾ ಒಪ್ಪಂಗಿಲ್ಲ.

ಬಿಡದಿ_ಸೆಕೆಂಡ್_ಶಿಫ್ಟ್:
ಅದಕ್ಕೇ ಒಂದೇ ಜಾಗ ಅಂದಿದ್ದು ಸರ್.

ಮಲ್ನಾಡ್_ಮಳೆ:
ಈ ವಾರ ಧಾರವಾಡದವ್ರು ಹೇಳಿದ ಹಾಗೆ, ಮುಂದಿನ ವಾರ ಬಿಡದಿಯವ್ರು ಹೇಳಿದ ಹಾಗೆ ಮಾಡಿ ನೋಡ್ತೀನಿ, ಮುಗಿದ ಕಾರ್ಡ್ ಎಣಿಸಿ ಎರಡೂ ಇಲ್ಲೇ ಹಾಕ್ತೀನಿ. ಈಗ ಮೊದಲ ಕಾರ್ಡು: ನಾಯಂಕರ ಪದ್ಧತಿ, ಒಂದು ಪುಟ.

ಸೆಕೆಂಡ್_ಅಟೆಂಪ್ಟ್:
ಅದ್ರ ಹಳೇ ಪ್ರಶ್ನೆ ಐದೂ ನನ್ ಹತ್ರ ಇದೆ, ಮೆಸೇಜ್ ಮಾಡಿ ಕಳಿಸ್ತೀನಿ.